ಹಳದಿ ಕೊಕ್ಕಿನ ಹಕ್ಕಿಗಳ ನಡುಗಡ್ಡೆ

ನಾವು ಗೊಂಡರು, ಕುರಿ ಸಾಕುವವರು. ಘಾಟಬೋರಾಳದ ಆಚೆಗೊಂದು ಕೆರೆ, ಅದರ ನಡುವೆ ಸಣ್ಣದೊಂದು ನಡುಗಡ್ಡೆ. ಬೇಸಿಗೆಯಲ್ಲಿ ಕುರಿಗಳೂ ನಡೆದುಹೋಗುವಷ್ಟು ನೀರು ಇಳಿಯುತ್ತಿತ್ತು. ಹಳದಿ ಕೊಕ್ಕಿನ ಬಿಳಿ ಹಕ್ಕಿಗಳು ಅಲ್ಲಿ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತಿದ್ದುದೂ ಆಗಲೇ. ಮರಿ ಹಾರುವವರೆಗೆ ಅತ್ತ ಕುರಿ ಹೊಡೆಯಬಾರದೆಂಬುದು ನಮ್ಮವರ ಕಟ್ಟು. ಅದನ್ನು ಕಾಯುತ್ತಿದ್ದವಳು ನನ್ನ ಸೋದರತ್ತೆ. ಅವಳೆದುರು ಗಂಡಸರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಬಿಸಿಲು ಮೊದಲಿನಂತಿರಲಿಲ್ಲ, ಮಳೆ ತನಗೆ ತೋಚಿದಾಗ ಬರುತ್ತಿತ್ತು. ಹಕ್ಕಿಗಳೂ ತಡವಾಗಿ ಮೊಟ್ಟೆ ಇಡತೊಡಗಿದವು. ಅತ್ತೆ ಕಟ್ಟನ್ನು ಇನ್ನಷ್ಟು ದಿನ ಎಳೆದಳು. ಮೇವಿಲ್ಲವೆಂದು ಗೊಣಗಿದವರಿಗೆ, "ಹವಾ ಕೆಡಿಸಿದವ್ರು ಯಾರೋ, ಹೊಟ್ಟಿ ಸುಡಾಕತ್ತಿದ್ದು ನಮ್ದು, ಹಕ್ಕಿಗೋಳ್ದು. ಕೂಡೇ ಉಳೀಬೇಕು," ಎಂದಳು.

ನಾನು ಬಸವಕಲ್ಯಾಣದಲ್ಲಿ ಕಾಲೇಜು ಮುಗಿಸಿ ಬಂದ ಬೇಸಿಗೆಯಲ್ಲಿ ಹೂಳು ತೆಗೆಯುವ ಯಂತ್ರಗಳು ಕೆರೆಗೆ ಬಂದವು. ಹೊಲಗಳಿಗೆ ಮಣ್ಣು ಮಾರುವ ಗುತ್ತೇದಾರನ ಕಣ್ಣು ನಡುಗಡ್ಡೆಯ ಮೇಲೆ. ಅತ್ತೆ ಜಗಳಕ್ಕೆ ಹೋಗಲಿಲ್ಲ. ಇಡೀ ಹಿಂಡನ್ನು ತಂದು ಕೆರೆಗೆ ಇಳಿಯುವ ದಾರಿಗೆ ಅಡ್ಡ ಮಲಗಿಸಿದಳು. ಹಾರ್ನ್ ಹೊಡೆಸಿ ಹೊಡೆಸಿ ಸುಸ್ತಾದ ಗುತ್ತೇದಾರ, ಕೊನೆಗೆ ಅವಳು ಚಾಚಿದ, ನಮ್ಮ ಕುಲದೇವರು ಬೀರಪ್ಪನ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿದ: "ಮರಿ ಹಾರೋ ತನಕ ನಡುಗಡ್ಡಿಗಿ ಕೈ ಹಚ್ಚಂಗಿಲ್ಲವ್ವಾ."

"ಒಬ್ರನ್ನ ಕಾವಲಿಗಿ ಬಿಡೂನೇನತ್ತಿ?" ಎಂದು ನಾನು ಕೇಳಿದೆ.

"ಭಂಡಾರ ಮುಟ್ಯಾನ. ಮತ್ತ ಕಾವಲ ಇಟ್ರ ದೇವರಿಗಿ ಸುಳ್ಳ ಅಂದಂಗ," ಎಂದು ಗದರಿದಳು.

ಹಿಂಡನ್ನು ಎಬ್ಬಿಸಿ, ಹೊಲಗಳಲ್ಲಿ ಗೊಬ್ಬರಕ್ಕೆ ಕುರಿ ತರುಬಿ ನಿಲ್ಲಿಸಲು ಹುಲಸೂರ ಕಡೆ ಹೊರಟೆವು.

ಮರಳಿ ಬಂದಾಗ ನಡುಗಡ್ಡೆ ಇರಲಿಲ್ಲ. ಅದಿದ್ದ ಜಾಗದಲ್ಲಿ ತಗ್ಗು ಬಿದ್ದಿತ್ತು. ಮೊಟ್ಟೆ, ಮರಿ ಎಲ್ಲ ಮಣ್ಣಿನ ಜೊತೆ ಯಾರದೋ ಹೊಲ ಸೇರಿದ್ದವು. ಆ ಗುತ್ತೇದಾರನನ್ನು ನೆನೆದರೆ ಇವತ್ತಿಗೂ ನನ್ನ ಬಾಯಿಗೆ ಬೈಗುಳವೇ ಬರುತ್ತದೆ. ಅತ್ತೆ ಮಾತ್ರ ಅವನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ಕುರಿ ಎಬ್ಬಿಸಿದಾಕಿ ನಾನೇ ಅಲ್ಲೇನ?" ಎಂದಷ್ಟೇ ಅಂದಳು.

ಮರುವರ್ಷ ಹಕ್ಕಿಗಳು ಬಂದವು. ನೀರಿನ ಮೇಲೆ ಸುತ್ತಿ ಸುತ್ತಿ, ಇಳಿಯಲು ಜಾಗ ಕಾಣದೆ, ಟ್ರ್ಯಾಕ್ಟರ್ ಓಡಾಡುವ ಏರಿಯ ಮೇಲೆ ಕೂಡತೊಡಗಿದವು. ಅತ್ತೆ ಕಂಬಳಿ ಬೀಸುತ್ತ ಏರಿಯುದ್ದಕ್ಕೂ ಓಡಿದಳು.

"ಇಲ್ಲಿ ಕೂಡಬ್ಯಾಡ್ರಿ ನಮ್ಮವ್ವಾ, ಹೋಗ್ರಿ... ನನ್ನ ನಂಬಬ್ಯಾಡ್ರಿ!"

ಅಳುತ್ತಲೇ ಎಲ್ಲವನ್ನೂ ಓಡಿಸಿದಳು. ಹೊತ್ತು ಮುಳುಗುವಷ್ಟರಲ್ಲಿ ಕೆರೆಯ ಮೇಲೆ ಒಂದು ಹಕ್ಕಿಯೂ ಉಳಿದಿರಲಿಲ್ಲ.