ಮೊಬೈಲ್ ಕಂಡರೆ ಅವ್ವನಿಗೆ ಮರಾಠಿ

"ನಮಸ್ಕಾರ್ ಸಾಹೇಬ್. ಮಾಝಂ ನಾವ್ ಗಂಗವ್ವಾ. ರಾಹಣಾರ್ ಸೊರಡಿ, ತಾಲುಕಾ ಜತ್, ಜಿಲ್ಹಾ ಸಾಂಗ್ಲಿ."

ಹೀಗೆ ಹೇಳಿದ್ದು ನನ್ನ ಅವ್ವ. ಎದುರಿಗಿದ್ದ ಸಾಹೇಬರು ಯಾರು ಗೊತ್ತೇ? ಅವಳದೇ ಮೊಮ್ಮಗಳು, ಹದಿನೇಳು ವರ್ಷದ ಭಾಗ್ಯಶ್ರೀ. ಐದು ನಿಮಿಷದ ಹಿಂದೆ ಅದೇ ಹುಡುಗಿಗೆ ತಲೆ ಬಾಚಿಕೊಂಡಿಲ್ಲವೆಂದು ಅಚ್ಚ ಕನ್ನಡದಲ್ಲಿ ಬೈದಿದ್ದಳು. ಮೊಬೈಲ್ ಮುಖದ ಮುಂದೆ ಬಂದದ್ದೇ ತಡ, ಸೆರಗು ಸರಿಮಾಡಿಕೊಂಡು ಮರಾಠಿ ಶುರು ಮಾಡಿದಳು.

ನಾನು ಬಿದ್ದು ಬಿದ್ದು ನಕ್ಕೆ. ಭಾಗ್ಯಾ ನಗಲಿಲ್ಲ. ಅಳುವುದೊಂದು ಬಾಕಿ.

ಯಾಕೆ ಅಂತೀರಾ? ಭಾಗ್ಯಾ ನನ್ನ ಅಣ್ಣನ ಮಗಳು, ಜತ್ತದ ಕಾಲೇಜಿನಲ್ಲಿ ಹನ್ನೊಂದನೇ ಇಯತ್ತೆ. ಬೇರೆ ಬೇರೆ ದೇಶಗಳ ಹುಡುಗ ಹುಡುಗಿಯರೇ ಸೇರಿ ನಡೆಸುವ ಒಂದು ಇಂಟರ್ನೆಟ್ ರೇಡಿಯೋ ಇದೆ. ಇಪ್ಪತ್ತು ದಾಟಿದವರಿಗೆ ಅಲ್ಲಿ ಕೆಲಸವಿಲ್ಲ (ನನ್ನಂಥವರು ಕೇಳಬಹುದು, ಬಾಯಿ ಹಾಕುವಂತಿಲ್ಲ). ಈ ಸಲ ಅವರು ಕೇಳಿದ್ದು ಮೂರು ನಿಮಿಷದ ಆಡಿಯೋ. ನಿಮ್ಮ ಮನೆಯಲ್ಲಿ ಒಬ್ಬರಿಗಷ್ಟೇ ಗೊತ್ತಿರುವ ಒಂದು ಕೆಲಸ, ಮನೆಯ ಮಾತಿನಲ್ಲೇ ಹೇಳಿಸಬೇಕು. ಇಂಗ್ಲಿಷ್ ಅನುವಾದ ಜೊತೆಗೆ ಬರೆದರೆ ಸಾಕು. ಸೋಮವಾರ ಕೊನೆಯ ದಿನ. ನಾವು ಕುಳಿತದ್ದು ಭಾನುವಾರ ಬೆಳಗ್ಗೆ.

ನಮ್ಮ ಮನೆಯಲ್ಲಿ ಅಂಥ ಕೆಲಸ ಒಂದಿದೆ. ಬೀಜದ ತೆನೆ ಆರಿಸುವುದು. ಜೋಳದ ಕೊಯ್ಲಿಗೆ ಮೊದಲು ಅವ್ವ ಒಬ್ಬಳೇ ಹೊಲ ಹೊಕ್ಕು ಮುಂದಿನ ವರ್ಷದ ಬಿತ್ತನೆಗೆ ಬೇಕಾದ ತೆನೆಗಳನ್ನು ಆರಿಸಿ, ಕಟ್ಟು ಕಟ್ಟಿ, ಜಂತಿಗೆ ತೂಗುಹಾಕುತ್ತಾಳೆ. ಅವಳು ಏನು ನೋಡಿ ಆರಿಸುತ್ತಾಳೋ ನಮಗೆ ಯಾರಿಗೂ ಗೊತ್ತಿಲ್ಲ. ನಾವು ಕೇಳಿಯೂ ಇರಲಿಲ್ಲ.

ಆದರೆ ಅವ್ವ ಮರಾಠಿ ಬಿಡಲೊಲ್ಲಳು. ಎರಡನೇ ಸಲ ರೇಷನ್ ಕಾರ್ಡಿನಲ್ಲಿ ಎಷ್ಟು ಹೆಸರುಗಳಿವೆ ಅಂತಲೂ ಸೇರಿಸಿದಳು. ಅವಳ ತಪ್ಪೇನು? ಈ ಎಪ್ಪತ್ತು ಚಿಲ್ಲರೆ ವರ್ಷದಲ್ಲಿ ಅವಳ ಮುಂದೆ ಕಾಗದ, ಪೆನ್ನು, ಕ್ಯಾಮೆರಾ ಹಿಡಿದು ಬಂದವರೆಲ್ಲ ಸರ್ಕಾರದವರೇ. ಅವರ ಜೊತೆ ಆಡುವ ಮಾತು ಮರಾಠಿ. ಕನ್ನಡ ಮನೆಯೊಳಗೆ, ಹೊಲದೊಳಗೆ. ಮಹಾರಾಷ್ಟ್ರದ ಗಡಿ ತಾಲೂಕು ಜತ್ತದ ಕನ್ನಡಿಗರಾದ ನಮಗೆಲ್ಲ ಭಾಷೆ ಬದಲಿಸುವ ಈ ಬಟನ್ ನಾಲಿಗೆಯಲ್ಲೇ ಇದೆ. (ಮರಾಠಿಯ ಮೇಲೆ ನನಗೇನೂ ಸಿಟ್ಟಿಲ್ಲ. ನಾನು ಸಾಲಿ ಕಲಿತದ್ದೂ ಅದರಲ್ಲೇ.)

ಆಗ ನಾನು, ಇಪ್ಪತ್ತು ವರ್ಷದ ಅನುಭವಿ ಅಂಕಣಕಾರ, ರಂಗಕ್ಕೆ ಇಳಿದೆ. "ಬಿಡವ್ವ, ನಾ ಬರದ ಕೊಡ್ತೀನಿ, ನೀನ ಓದು" ಎಂದೆ. ಅರ್ಧ ಗಂಟೆಯಲ್ಲಿ ಒಂದು ಪುಟ ಸಿದ್ಧ. "ವಿಶಾಲ ಭಾರತದ ಕೃಷಿ ಪರಂಪರೆಯಲ್ಲಿ ಮಹಿಳೆಯ ಪಾತ್ರವು ಅವಿಸ್ಮರಣೀಯವಾದುದು..."

ಭಾಗ್ಯಾ ಓದಿ, ಕಾಗದ ಮಡಚಿ ನನ್ನ ಕಿಸೆಯಲ್ಲೇ ಇಟ್ಟಳು.

"ಕಾಕಾ, ಭಾಳ ಚಲೋ ಐತಿ. ಆದ್ರ ಇದು ನಿನ್ನ ದನಿ. ನಂದೂ ಅಲ್ಲ, ಆಯೀದೂ ಅಲ್ಲ."

ಆಯಿ ಅಂದರೆ ನಮ್ಮ ಕಡೆ ಅಜ್ಜಿ. ಭಾಗ್ಯಾ ಆಯಿಯ ಕೈ ಹಿಡಿದು ಹೊಲಕ್ಕೆ ಹೊರಟೇಬಿಟ್ಟಳು. ಮೊಬೈಲನ್ನು ಮುಚ್ಚಿಡಲಿಲ್ಲ. "ಆಯಿ, ಇದು ಚಾಲೂ ಐತಿ ನೋಡ" ಎಂದು ಹೇಳಿಯೇ ಓಢಣಿಯ ತುದಿಗೆ ಕಟ್ಟಿಕೊಂಡಳು. ಅವ್ವ ಮತ್ತೆ ಮರಾಠಿಯಲ್ಲಿ ನಮಸ್ಕಾರ ಮಾಡಿ ಹೆಸರು, ತಾಲೂಕು ಒಪ್ಪಿಸಿದಳು. ಹುಡುಗಿ ಬದುವಿನ ಮೇಲೆ ನಡೆದು, ಅಂಚಿನಲ್ಲಿದ್ದ ದಪ್ಪನೆಯ ತೆನೆಯೊಂದಕ್ಕೆ ಕೈ ಹಾಕಿದಳು.

"ಏ ಹುಚ್ಚಿ! ಬದುವಿನ ತೆನಿ ಯಾಕ ಹಿಡದಿ?"

ಅವ್ವ ಕನ್ನಡಕ್ಕೆ ಬಂದಳು!

"ಯಾಕ ಆಯಿ? ದಪ್ಪ ಐತೆಲ್ಲ?"

"ಸುಳ್ಳ ದಪ್ಪ ಅದು. ಬಾಜೂಕ ಯಾರೂ ಇಲ್ಲ, ಗಾಳಿ ಬೆಳಕ ಎಲ್ಲಾ ಅದಕ್ಕ. ನಡು ಹೊಲದಾಗ ಹತ್ತ ಮಂದಿ ಕೂಡ ಬಡದಾಡಿ ತುಂಬಿರ್ತೈತಿ ನೋಡು, ಅಂಥಾದ್ದು ಬೀಜಕ್ಕ ಹಿಡಿಬೇಕು. ಉಗುರಿಲೆ ಒತ್ತು. ಹಾಲು ಬಂತಂದ್ರ ಬ್ಯಾಡ."

ಎರಡೂವರೆ ನಿಮಿಷ ಒಂದೇ ಉಸಿರಿನಲ್ಲಿ ಹೇಳಿದಳು. ಹಿಂದೆಯೇ ಬಂದಿದ್ದ ನಾನೂ ಕೇಳಿದೆ. ನನ್ನ ಅವ್ವನಿಗೆ ಇಷ್ಟೆಲ್ಲ ಗೊತ್ತೆಂದು ನನಗೆ ಗೊತ್ತಾದದ್ದು ಆವತ್ತು.

ಮನೆಗೆ ಬಂದ ಮೇಲೆ ನನ್ನ ಎರಡನೇ ಸಲಹೆ: "ಆ ಮರಾಠಿ ನಮಸ್ಕಾರ ಕಟ್ ಮಾಡು. ಹೊರಗಿನವರು ನಗ್ತಾರ." ಭಾಗ್ಯಾ ಕೇಳಲಿಲ್ಲ. ಹಾಗೇ ಕಳಿಸಿದಳು. ಅನುವಾದದಲ್ಲಿ ಒಂದೇ ಸಾಲು ಸೇರಿಸಿದಳು: "ನಮ್ಮ ಅಜ್ಜಿಗೆ ಮೈಕ್ ಅಂದರೆ ಸರ್ಕಾರ. ಸ್ವಲ್ಪ ತಡೆಯಿರಿ, ಈಗ ಮನೆಗೆ ಬರುತ್ತಾಳೆ."

ವಾರದ ಮೇಲೆ ಉತ್ತರ ಬಂತು. ಬರೆದವಳು ಆ ರೇಡಿಯೋದ ಎಡಿಟರ್, ಕೀನ್ಯಾದ ಹುಡುಗಿ. ಅವಳಿಗೂ ಹದಿನೇಳು. "ಆರಂಭದ ಒಂದು ಸೆಕೆಂಡನ್ನೂ ನಾವು ಕತ್ತರಿಸುವುದಿಲ್ಲ. ನನ್ನ ಅಜ್ಜಿಯೂ ಫೋನ್ ಹಿಡಿದರೆ ಇಂಗ್ಲಿಷ್‌ನಲ್ಲಿ ಹೆಸರು, ಜಿಲ್ಲೆ ಹೇಳುತ್ತಾಳೆ." ಕಾರ್ಯಕ್ರಮ ಪ್ರಸಾರವಾದ ಮೇಲೆ ಪೆರುವಿನ ಹುಡುಗನೊಬ್ಬ ಬರೆದ, ತನ್ನಜ್ಜಿಯ ಕಥೆಯೂ ಇದೇ, ಅಲ್ಲಿ ಸ್ಪ್ಯಾನಿಷ್ ಅಷ್ಟೆ. ಅವರ ಮನೆಯಲ್ಲಿ ಮೆಕ್ಕೆಜೋಳದ ಬೀಜ ಆರಿಸುವವಳೂ ಅವಳೇ ಅಂತೆ.

ಹೆಮ್ಮೆಯಾಯಿತು. ಮುಚ್ಚಿಡುವುದೇಕೆ? ಎದೆ ಉಬ್ಬಿತು. ಬೆಂಗಳೂರಿಗೆ ನಾವು ಮಹಾರಾಷ್ಟ್ರದವರು, ಮುಂಬೈಗೆ ಕನ್ನಡದವರು. ಇಬ್ಬರ ಪೇಪರಿನಲ್ಲೂ ನಾವು ಕೊನೆಯ ಪುಟದ ಮೂಲೆ. ಈ ಹುಡುಗಿ ಇಬ್ಬರನ್ನೂ ಕೇಳದೆ ಸೊರಡಿಯ ಹೊಲವನ್ನು ಜಗತ್ತಿಗೆ ಕೇಳಿಸಿದಳು. "ಇಂದಿನ ಯುವಜನತೆ ಎತ್ತ ಸಾಗುತ್ತಿದೆ?" ಅಂತ ನಾನೇ ಇದೇ ಅಂಕಣದಲ್ಲಿ ಮೂರು ಸಲ ಬರೆದಿದ್ದೇನೆ. ಒಮ್ಮೆಯೂ ಒಬ್ಬ ಯುವಕನನ್ನೋ ಯುವತಿಯನ್ನೋ ಕೇಳಿ ಬರೆದವನಲ್ಲ. ಅವರು ನಡು ಹೊಲಕ್ಕೆ ಸಾಗುತ್ತಿದ್ದಾರೆ ಸ್ವಾಮಿ, ಬದುವಿನ ಮೇಲೆ ನಿಂತವರು ನಾವು.

ಪ್ರಸಾರದ ದಿನ ಭಾಗ್ಯಾ ಮೊಬೈಲನ್ನು ಅವ್ವನ ಕಿವಿಗೆ ಹಿಡಿದಳು. ಅವ್ವ ಪೂರ್ತಿ ಕೇಳಿದಳು. ನಡುವೆ ತಾನು ಕೆಮ್ಮಿದ್ದನ್ನು ಯಾಕೆ ತೆಗೆದಿಲ್ಲ ಎಂದು ಆಕ್ಷೇಪಣೆ ಎತ್ತಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಎಲ್ಲೀವೋ ಹುಡುಗೂರು, ಕೂತ ನನ್ನ ಮಾತ ಕೇಳ್ಯಾವ. ನೀ ಇಪ್ಪತ್ತ ವರ್ಷ ಪೇಪರಿಗೆ ಬರೀತಿ, ನನ್ನ ಒಮ್ಮೆರೆ ಯಾಕ ಕೇಳಲಿಲ್ಲೋ ತಮ್ಮಾ?"