ತಿನ್ನೂದಿಲ್ಲ ಅಂದವಳು

ಮೊನ್ನೆ ಮದುವೆಯ ಊಟದ ಪಂಕ್ತಿಯಲ್ಲಿ ನಮ್ಮ ಸಂಬಂಧದ ಹಿರಿಯರೊಬ್ಬರು ನನ್ನ ತಂಗಿಯ ಮಾತು ತೆಗೆದು, ‘ಮದಿವಿ ಇಲ್ಲ, ಮಕ್ಕಳಿಲ್ಲ, ಮಂದಿ ಬಾಯಿ ನೋಡ್ಕೋತ ಜೀವನಾ ಕಳದಳು’ ಎಂದರು. ಸುತ್ತಲಿನವರು ನಕ್ಕರು. ನಾನು ಯಾವಾಗಿನಂತೆ ತಲೆ ಬಗ್ಗಿಸಿ ಉಂಡೆ. ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ. ಎದುರೆದುರು ಮಾತಾಡಲು ಬಾರದವಳು ನಾನು. ಅದಕ್ಕೇ ಮೊಮ್ಮಕ್ಕಳಾದ ನಿಮಗೆ ಇದನ್ನು ಬರೆಯುತ್ತಿದ್ದೇನೆ.

ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆಗೆ ನಿಂತೆ. ತಂಗಿ ನಿಲ್ಲಲಿಲ್ಲ. ರಾಣೆಬೆನ್ನೂರಿನ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲು ಮುಗಿಸಿದಳು, ಆಮೇಲೆ ಧಾರವಾಡ, ಆಮೇಲೆ ಮುಂಬಯಿ. ಅಲ್ಲಿನ ಪ್ರಯೋಗಶಾಲೆಯಲ್ಲಿ ಕ್ಯಾನ್ಸರ್ ಹಿಡಿದ ಬಾಯಿಯ ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುವ ಕೆಲಸ. ನಮ್ಮ ಕಡೆಯಿಂದ ಅಂಥ ಕೆಲಸಕ್ಕೆ ಹೋದ ಮೊದಲ ಹೆಣ್ಣುಮಗಳು ಅವಳೇ. ಊರಿನವರು ಔಷಧ ಕಂಡುಹಿಡಿದಳೇ ಎಂದು ಕೇಳುತ್ತಿದ್ದರು. ಇಲ್ಲ ಎಂದರೆ, ಮತ್ತೇನು ಮಾಡುತ್ತಾಳೆ ಎಂಬಂತೆ ಮುಖ ಮಾಡುತ್ತಿದ್ದರು. ಅವಳು ಹೇಳುತ್ತಿದ್ದುದು ಇಷ್ಟು: ಬಾಯಿಯ ಕ್ಯಾನ್ಸರಿಗೆ ಮುಂಚೆ ಬಹಳ ಸಲ ದವಡೆಯ ಒಳಗೆ ಬಿಳಿ ಮಚ್ಚೆ ಮೂಡುತ್ತದೆ, ಅದು ಆಗಲೇ ಕಣ್ಣಿಗೆ ಬಿದ್ದರೆ ಮನುಷ್ಯರನ್ನು ಉಳಿಸಬಹುದು. ಆಸ್ಪತ್ರೆಯಲ್ಲಿ ಕಾಯುತ್ತ ಕೂತರೆ ಅದು ಕಣ್ಣಿಗೆ ಬೀಳುವುದಿಲ್ಲ, ಮಂದಿ ಇದ್ದಲ್ಲಿಗೇ ಹೋಗಿ ನೋಡಬೇಕು.

ಹಾಗೆ ಅವಳು ಬ್ಯಾಡಗಿಗೆ ಬಂದಳು. ನಿಮ್ಮ ಅಜ್ಜನ ಮೆಣಸಿನಕಾಯಿ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುತ್ತಿದ್ದರು. ಘಾಟಿಗೆ ಮೂಗಿನ ಮೇಲೆ ಸೆರಗು. ಸೆರಗಿನ ಹಿಂದೆ ದವಡೆಯಲ್ಲಿ ತಂಬಾಕು ಇಲ್ಲದವರು ಕಡಿಮೆ. ಒಳಕೋಣೆಯಲ್ಲಿ ತಂಗಿ ಬ್ಯಾಟರಿ ಹಿಡಿದು ಬಾಯಿ ನೋಡುತ್ತಿದ್ದಳು. ಬಾಗಿಲಾಚೆ ಕೂತು ಪ್ರಶ್ನೆ ಕೇಳಿ ಫಾರ್ಮು ತುಂಬುವವನು ದೂರದ ಶಹರದಿಂದ ಬಂದ ಗುಮಾಸ್ತ. ಪ್ರಶ್ನೆ ಬರೆದವರು ಈ ಇಡೀ ಸಮೀಕ್ಷೆಯ ಮುಖ್ಯಸ್ಥರಾಗಿದ್ದ ದೊಡ್ಡ ಡಾಕ್ಟರು. ಮೊದಲನೆಯದು: ‘ತಂಬಾಕು ತಿನ್ನುವಿರಾ?’ ಹೌದು ಎಂದವರನ್ನಷ್ಟೇ ಒಳಗೆ ಬಿಡಬೇಕು.

ನಮ್ಮಲ್ಲಿ ತಂಬಾಕು ಯಾರು ತಿನ್ನುತ್ತಾರೆ? ತಿನ್ನುವುದು ರೊಟ್ಟಿ. ತಂಬಾಕನ್ನು ಸುಣ್ಣ ಹಚ್ಚಿ ದವಡೆಯಲ್ಲಿ ಇಟ್ಟುಕೊಳ್ಳುತ್ತಾರೆ, ಇಲ್ಲವೇ ಸುಟ್ಟು ಪುಡಿ ಮಾಡಿ ಹಲ್ಲಿಗೆ ತಿಕ್ಕುತ್ತಾರೆ, ಉಗುಳುತ್ತಾರೆ.

ತುಂಬು ಬಿಡಿಸುವವರ ಗುಂಪಿಗೆ ಹಿರಿಯಳೊಬ್ಬಳಿದ್ದಳು. ನನ್ನ ಎರಡೂ ಬಾಣಂತನಕ್ಕೆ ನೀರು ಹಾಕಿದವಳು. ಅವಳ ಸರದಿ ಬಂದಾಗ ಗುಮಾಸ್ತನಿಗೆ, ‘ತಿನ್ನೂದಿಲ್ರಿ ಯಪ್ಪಾ, ತಿನ್ನಾಕ ರೊಟ್ಟಿನ ಸಾಲೂದಿಲ್ಲ’ ಎಂದಳು. ಸಾಲಿನವರೆಲ್ಲ ನಕ್ಕರು. ಅವನು ‘ಇಲ್ಲ’ ಎಂದು ಬರೆದು ವಾಪಸು ಕಳಿಸಿದ. ಆ ಹೊತ್ತಿಗೂ ಅವಳ ಎಡದವಡೆ ತಂಬಾಕಿನಿಂದ ಉಬ್ಬಿತ್ತು. ನಾನು ಕುಡಿಯುವ ನೀರಿನ ಕೊಡ ಹಿಡಿದು ಅಲ್ಲೇ ನಿಂತಿದ್ದೆ. ಪರಗಂಡಸಿನ ಮುಂದೆ, ಅಂಗಡಿಯ ಆಳುಗಳ ಮುಂದೆ, ನಾಲಿಗೆ ಏಳಲಿಲ್ಲ.

ಮುಂದಿನ ವರ್ಷ ತಂಗಿ ಮತ್ತೆ ಬರುವಷ್ಟರಲ್ಲಿ ಆ ಹಿರಿಯಳ ಬಾಯಿ ಎರಡು ಬೆರಳಗಲವೂ ತೆರೆಯುತ್ತಿರಲಿಲ್ಲ. ಖಾರ ತಗಲಿದರೆ ಕಣ್ಣೀರು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದಳು. ತಂಗಿ ನೋಡಿದವಳೇ ಹುಬ್ಬಳ್ಳಿಗೆ ಕರೆದುಕೊಂಡು ಹೋದಳು. ತಡವಾಗಿತ್ತು. ಹೊಸ ಕಾಯಿ ಮಾರುಕಟ್ಟೆಗೆ ಬರುವ ಮೊದಲೇ ಆ ಹೆಂಗಸು ಸತ್ತಳು.

ತಂಗಿ ಹಳೆಯ ಫಾರ್ಮು ಹುಡುಕಿ ತೆಗೆದು ನನ್ನ ಮುಂದೆ ಹಿಡಿದಳು.

‘ಅಕ್ಕಾ, ಅಕಿ ತಂಬಾಕ ಇಟ್ಕೋತಿದ್ದದ್ದು ನಿನಗ ಗೊತ್ತಿತ್ತೇನು?’

‘ಊರಿಗೇ ಗೊತ್ತಿತ್ತು.’

‘ಮತ್ತ ಯಾಕ ಸುಮ್ನಿದ್ದಿ?’

‘ನೀವು ಓದಿದವರು, ತಿಳದ ಕೇಳಿರ್ತೀರಿ ಅಂದ್ಕೊಂಡೆ.’

‘ಹೊರಗ ಏನ ಕೇಳಾಕತ್ತಾನಂತ ನಾನೂ ಕಿವಿಗೊಡಲಿಲ್ಲ ನೋಡ,’ ಎಂದು ಅವಳು ಫಾರ್ಮನ್ನು ಚೀಲಕ್ಕೆ ತುರುಕಿದಳು.

ದೊಡ್ಡ ಡಾಕ್ಟರು ಹಾವೇರಿಯ ಪ್ರವಾಸಿ ಮಂದಿರಕ್ಕೆ ಬಂದಾಗ ತಂಗಿ ನನ್ನನ್ನೂ ಬಸ್ಸು ಹತ್ತಿಸಿದಳು. ಪ್ರಶ್ನೆ ಬದಲಿಸಿ, ‘ಇಲ್ಲ’ ಎಂದವರನ್ನೆಲ್ಲ ಮತ್ತೆ ಕರೆದು ನೋಡಬೇಕು ಎಂದು ಕೇಳಿಕೊಂಡಳು. ಕೆಲಸ ಅರ್ಧ ಮುಗಿದಿದೆ, ಈಗ ಬದಲಿಸಿದರೆ ಲೆಕ್ಕ ಕೆಡುತ್ತದೆ ಎಂದು ಅವರು ಚಹಾ ಕುಡಿಯುತ್ತ ಹೇಳಿದರು. ಆಮೇಲೆ, ‘ಈ ಹೆಂಗಸರು ಸುಳ್ಳು ಹೇಳ್ತಾರಮ್ಮ, ಅದಕ್ಕೆ ನಾವೇನು ಮಾಡೋಕಾಗುತ್ತೆ?’ ಎಂದರು.

ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ‘ಅಕಿ ಸುಳ್ಳು ಹೇಳಿಲ್ರಿ. ನೀವು ಕೇಳಿದ್ದ ತಪ್ಪ ಐತಿ.’

ಅವರು ನನ್ನ ಕಡೆ ತಿರುಗಲೂ ಇಲ್ಲ. ಇವರು ಯಾರು ಎಂದು ತಂಗಿಯನ್ನು ಕೇಳಿದರು.

ಅಚ್ಚಾದ ವರದಿಯಲ್ಲಿ ಆ ಹೆಂಗಸು ಮತ್ತು ಅವಳಂಥವರು ‘ಸುಳ್ಳು ಮಾಹಿತಿ ನೀಡಿದವರು’ ಎಂಬ ಪಟ್ಟಿಗೆ ಸೇರಿದರು. ಸತ್ತವಳನ್ನು ಸುಳ್ಳಿ ಎಂದು ಅಚ್ಚು ಹಾಕಿದ ಕೈಗೆ ಏನೂ ಆಗಲಿಲ್ಲ. ತಂಗಿ ಅದಕ್ಕೆ ಸಹಿ ಹಾಕಲಿಲ್ಲ. ಅದರ ಶಿಕ್ಷೆಯಾಗಿ ಅವಳಿಂದ ಪಾಠ ಕಲಿತವರು ಅವಳ ಮೇಲಿನ ಕುರ್ಚಿಗೆ ಹೋದರು, ಅವಳಿಗೆ ಕಿಟಕಿ ಇಲ್ಲದ ಕೋಣೆ ಸಿಕ್ಕಿತು. ಮದುವೆಯ ಪಂಕ್ತಿಯಲ್ಲಿ ನಕ್ಕವರಿಗೆ ಇದು ಗೊತ್ತೇ?

ಅವಳು ತನ್ನ ರಜೆಯಲ್ಲೇ ಮತ್ತೆ ಬ್ಯಾಡಗಿಗೆ ಬಂದಳು. ಈ ಸಲ ಫಾರ್ಮಿಲ್ಲ. ಒಂದು ಸ್ಟೀಲ್ ತಟ್ಟೆಯಲ್ಲಿ ತಂಬಾಕಿನ ಎಲೆ, ಸುಣ್ಣ, ಅಡಿಕೆ, ಸುಟ್ಟ ಪುಡಿ ಇಟ್ಟು, ಇದರಲ್ಲಿ ನಿಮ್ಮ ಬಾಯಿಗೆ ಹೋಗುವುದು ಯಾವುದು ಎಂದು ಕೇಳುವುದು. ಕೇಳುವವಳು ನಾನು. ಹೆಣ್ಣುಮಕ್ಕಳು ನಗುತ್ತ ಬೆರಳು ತೋರಿಸಿದರು. ಎಷ್ಟೋ ಬಾಯಿಗಳಲ್ಲಿ ಮಚ್ಚೆ ಆಗಲೇ ಸಿಕ್ಕಿತು. ಈಗ ಬೇರೆ ಕಡೆಯೂ ಹಾಗೆ ಕೇಳುತ್ತಾರಂತೆ. ಮೊದಲು ಕೇಳಿದವಳು ಯಾರೆಂದು ಎಲ್ಲೂ ಬರೆದಿಲ್ಲವಂತೆ.

ಸತ್ತವಳ ಮಗಳೂ ಬಂದಳು. ತಾಯಿಯ ಜಾಗದಲ್ಲೇ ಕೂತು ತುಂಬು ಬಿಡಿಸುತ್ತಿದ್ದವಳು. ಸುಟ್ಟ ಪುಡಿಗೆ ಬೆರಳಿಟ್ಟಳು. ಒಳಗೆ ಸಣ್ಣ ಮಚ್ಚೆ ಇತ್ತು. ಪುಡಿ ಬಿಟ್ಟು ಔಷಧೋಪಚಾರ ಮಾಡಿಸಿಕೊಂಡರೆ ವಾಸಿಯಾಗುತ್ತದೆ ಎಂದು ತಂಗಿ ಹೇಳಿದಳು. ಮಗಳು ತಟ್ಟೆಯ ಕಡೆ ಕೈ ತೋರಿಸಿದಳು.

‘ನಮ್ಮವ್ವಗ ಹಿಂಗ ಯಾಕ ಕೇಳಲಿಲ್ರಿ, ಅವ್ವಾರ?’

ತಂಗಿ ಏನೋ ಹೇಳಲು ಹೊರಟಳು. ನಾನು ತಡೆದೆ. ಅವತ್ತು ಕೊಡ ಹಿಡಿದು ನಿಂತಿದ್ದೆ, ನನಗೆ ಗೊತ್ತಿತ್ತು, ನಾಚಿಕೆಯಿಂದ ಬಾಯಿ ಬಿಡಲಿಲ್ಲ ಎಂದು ಹೇಳಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಔಷಧದ ಚೀಟಿಯನ್ನು ತಂಗಿಯ ಕೈಯಿಂದ ತೆಗೆದುಕೊಂಡಳು. ಮರುದಿನದಿಂದ ಬೇರೆಯವರ ಅಂಗಡಿಗೆ ಕೆಲಸಕ್ಕೆ ಹೋದಳು, ನಮ್ಮ ಶೆಡ್ಡಿಗೆ ಮತ್ತೆ ಕಾಲಿಡಲಿಲ್ಲ.