ಎಡಗಾಲು ಮಾಸಿದ ಜೋಡುಗಳು

ಬಸ್ಸಿನ ಮೆಟ್ಟಿಲ ಮೇಲೆ ನಿಂತಾಗಲೇ ದೊರೆ ಮೂಗು ಮುರಿದ. ಕಾಲು ಇನ್ನೂ ನೆಲ ಮುಟ್ಟಿರಲಿಲ್ಲ. ಕೆಳಗಿನ ಧೂಳು ನೋಡಿದ, ಪಾಲಿಶ್ ಹೊಡೆದ ತನ್ನ ಕಂದು ಶೂ ನೋಡಿದ, "ಥೂ, ಏನು ಕೊಂಪೆ!" ಅಂದ. ಹಿಂದೆ ಇಳಿಯಲು ಕಾದಿದ್ದವರು "ಇಳೀರಿ ಸ್ವಾಮಿ, ಊರನ್ನ ಆಮೇಲೆ ನೋಡ್ಕೊಳ್ಳಿ" ಎಂದಾಗ ಇಳಿದ.

ಅವನೇನೂ ಯಾವ ಸೀಮೆಯ ದೊರೆಯೂ ಅಲ್ಲ. ನಗರದ ಒಂದು ದೊಡ್ಡ ಶೂ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಗಿರಾಕಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಶೂ ತೊಡಿಸಿದ ನೌಕರ. ಜೀವಮಾನವೆಲ್ಲ ಕಂಡಕಂಡವರ ಕಾಲು ಹಿಡಿದವನಿಗೆ ಇಷ್ಟು ಧಿಮಾಕು ಎಲ್ಲಿಂದ ಬಂತೋ ಆ ದೇವರೇ ಬಲ್ಲ. ಗಿರಾಕಿ ಬಾಗಿಲು ದಾಟುವಷ್ಟರಲ್ಲಿ "ಏಳನೇ ನಂಬರು, ತೆಳು ಪಾದ" ಎಂದೋ "ಐದು, ಹೆಬ್ಬೆರಳು ದಪ್ಪ" ಎಂದೋ ಹೇಳಿಬಿಡುತ್ತಿದ್ದ. ಅಳತೆಯ ಹಲಗೆಯನ್ನು ಮುಟ್ಟುವುದು ತನ್ನ ಘನತೆಗೆ ಕಡಿಮೆ ಅಂದುಕೊಂಡಿದ್ದ. ಜೊತೆಯವರು ಅವನ ಬೆನ್ನ ಹಿಂದೆ 'ದೊರೆ' ಎಂದು ಹೆಸರಿಟ್ಟು ನಗುತ್ತಿದ್ದರು. ಅದು ಒಂದು ದಿನ ಅವನ ಕಿವಿಗೂ ಬಿತ್ತು. ಪುಣ್ಯಾತ್ಮ, ಹೊಗಳಿಕೆ ಅಂದುಕೊಂಡು ಉಬ್ಬಿಹೋದ.

ಇಪ್ಪತ್ತಾರು ವರ್ಷದ ಹಿಂದೆ ಅವನ ಒಬ್ಬಳೇ ತಂಗಿ ಈ ಊರಿನ ಬೀಗ ರಿಪೇರಿಯವನನ್ನು ಮೆಚ್ಚಿ ಮದುವೆಯಾದಳು. "ಆ ಊರಿಗೆ ನಾನು ಕಾಲಿಡೋದಿಲ್ಲ" ಎಂದ ದೊರೆ ಮಾತು ಉಳಿಸಿಕೊಂಡ. ಇಂಥ ಮಾತುಗಳನ್ನು ಉಳಿಸಿಕೊಳ್ಳುವುದರಲ್ಲಿ ಅವನದು ಎತ್ತಿದ ಕೈ. ಆದರೆ ತಾನೇನೂ ಕಟುಕನಲ್ಲ ಎಂದು ತೋರಿಸಲು ವರ್ಷಕ್ಕೊಂದು ಜೊತೆ ಶೂ ಪಾರ್ಸೆಲ್ ಕಳಿಸುತ್ತಿದ್ದ. ಅಷ್ಟಕ್ಕೇ ಅವನ ಅಣ್ಣತನ ಮುಗಿಯುತ್ತಿತ್ತು.

ಈಗ ಆಣೆ ಮುರಿದು ಬಂದದ್ದು ತಂಗಿಯನ್ನು ತನ್ನ ಮನೆಗೆ ಕರೆದೊಯ್ಯಲು. ಅವಳ ಗಂಡ ಸತ್ತು ಆರು ತಿಂಗಳಾಗಿತ್ತು. ದೊರೆಯ ಹೆಂಡತಿ ತೀರಿಕೊಂಡು ಎರಡು ವರ್ಷ. ಮಕ್ಕಳಿಲ್ಲ. ಅಡುಗೆಗೆ ಬಂದ ಮೊದಲನೆಯವಳು ಒಂದು ತಿಂಗಳು ನಿಂತಳು, ಎರಡನೆಯವಳು ಒಂದು ವಾರ, ಮೂರನೆಯವನು ಒಲೆ ಹಚ್ಚುವ ಮೊದಲೇ ದೊರೆಯ ಉಪದೇಶ ಕೇಳಿ ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋದ. ಸಂಜೆಯಾದರೆ ಆ ಮನೆಯ ಗೋಡೆಗಳು ಅವನನ್ನು ತಿನ್ನಲು ಬರುತ್ತಿದ್ದವು. ರೇಡಿಯೋ ಹಾಕಿಕೊಂಡು ಅದರೊಡನೆ ಜಗಳವಾಡುತ್ತಿದ್ದ. ತಂಗಿಯಾದರೂ ಬರದಿದ್ದರೆ ತನ್ನ ಗತಿಯೇನು ಎಂಬ ದಿಗಿಲು ಅವನನ್ನು ಕಾಡುತ್ತಿತ್ತು. ಆದರೆ ಕಾಗದದಲ್ಲಿ ಬರೆದದ್ದು ಮಾತ್ರ ಹೀಗೆ: 'ಗುರುವಾರ ಬರುತ್ತೇನೆ. ನಿನ್ನನ್ನು ಆ ಊರಿನಲ್ಲಿ ಕೊಳೆಯಲು ಬಿಡಲಾರೆ. ಒಂದು ಪೆಟ್ಟಿಗೆ ಸಾಮಾನು ಸಾಕು. ಸಿದ್ಧವಾಗಿರು.'

ಇದ್ದದ್ದೇ ಒಂದು ರಸ್ತೆ. ದೊರೆ ಅದರ ನಟ್ಟನಡುವೆ ನಡೆದ, ಇಸ್ತ್ರಿ ಮುರಿಯದ ಕೋಟು, ಎದೆ ಮುಂದೆ, ಗದ್ದ ಮೇಲೆ. ಕ್ಷೌರದಂಗಡಿಯಲ್ಲಿ ಕತ್ತಿ ನಿಂತಿತು. ನೊರೆ ಹಚ್ಚಿಕೊಂಡ ಗಿರಾಕಿಯೂ ಕತ್ತು ಹೊರಳಿಸಿದ. ಟೈಲರ್‌ನ ಮೆಷಿನ್ ಸದ್ದಡಗಿತು. ಮಹಡಿಯ ಕಿಟಕಿಯಲ್ಲಿ ಒಂದು ತಲೆ ಕಂಡಿತು, ಆಮೇಲೆ ಎರಡು, ಆಮೇಲೆ ಮನೆಮಂದಿಯೆಲ್ಲ. ಮನುಷ್ಯರನ್ನೇ ಕಾಣದ ಜನ ಎಂದು ದೊರೆ ಒಳಗೊಳಗೇ ಉಗಿದ. ಹಾಗಂತ ಅವರು ನೋಡುವುದನ್ನು ಬಿಟ್ಟಿದ್ದರೆ ಅವನಿಗೆ ಇನ್ನೂ ಸಿಟ್ಟು ಬರುತ್ತಿತ್ತು.

"ಯಾರ ಮನೆಗೆ ಸಾರ್?" ಸೈಕಲ್ ಅಂಗಡಿಯವನು ಕೇಳಿದ.

"ನಿಮಗ್ಯಾಕೆ ಅದೆಲ್ಲ?"

"ಅಲ್ಲ, ದಾರಿ ತೋರಿಸೋಣ ಅಂತ."

"ಇರೋದು ಒಂದು ದಾರಿ. ಅದರಲ್ಲಿ ತೋರಿಸೋಕೇನಿದೆ?"

ಸೈಕಲ್ ಅಂಗಡಿಯವನು ಪೆಚ್ಚಾಗಲಿಲ್ಲ. "ಅದೂ ಸರಿ, ಇನ್ನೊಂದಿದ್ದಿದ್ರೆ ನಾವೂ ಅದರಲ್ಲೇ ಹೋಗ್ತಿದ್ವಿ" ಎಂದು ಪಂಕ್ಚರ್ ಹಾಕಲು ಕೂತ.

ಕಣ್ಣಿನ ಚಾಳಿ ಸುಮ್ಮನಿರುತ್ತದೆಯೇ? ದೊರೆ ಮುಖಗಳನ್ನು ಬಿಟ್ಟು ಕಾಲುಗಳನ್ನು ನೋಡುತ್ತಾ ನಡೆದ. ಅಂಚೆ ಹಂಚುವ ಹೆಂಗಸು ಎದುರಿಗೆ ಬಂದಳು. ಬಲಗಾಲಿನ ಶೂ ಗಾಢ ಕೆಂಪು, ಎಡಗಾಲಿನದು ತೊಳೆದು ತೊಳೆದು ಬಣ್ಣ ಹೋದ ಬಟ್ಟೆಯ ಹಾಗಿತ್ತು. ಚಹಾ ಅಂಗಡಿಯ ಯಜಮಾನಿಯದು ಹಸಿರು. ಅವಳದೂ ಬಲಗಾಲು ಹಸಿರು, ಎಡಗಾಲು ಒಣಹುಲ್ಲು. ದೊರೆಗೆ ನಗು ತಡೆಯಲಾಗಲಿಲ್ಲ. ಜೋಡು ಅಂದರೆ ಎರಡಿರಬೇಕು ಅಂತಷ್ಟೇ ಗೊತ್ತು ಈ ಊರಿಗೆ, ಎರಡೂ ಒಂದೇ ಬಣ್ಣ ಇರಬೇಕು ಅನ್ನೋದು ಇನ್ನೂ ತಲುಪಿಲ್ಲ! ನಗರಕ್ಕೆ ಹೋದಮೇಲೆ ಹೇಳಿ ನಗಬೇಕು ಅಂದುಕೊಂಡ. ಯಾರಿಗೆ ಹೇಳುವುದು ಎಂಬುದು ಹೊಳೆಯಲಿಲ್ಲ.

ಶಾಲೆಯ ಗೇಟಿನ ಬಳಿ ಒಬ್ಬ ಟೀಚರಮ್ಮ ನಿಂತಿದ್ದಳು. ಅವಳ ಶೂಗಳೂ ಹಾಗೆಯೇ, ಬಲಗಾಲು ಅಚ್ಚ ನೀಲಿ, ಎಡಗಾಲು ಬೂದಿ. ಮೇಲೆ ಹಿತ್ತಾಳೆಯ ಪುಟ್ಟ ಎಲೆಯಾಕಾರದ ಬಕಲ್. ಆ ಬಕಲ್ ನೋಡಿ ದೊರೆ ನಿಂತುಬಿಟ್ಟ. ಆ ಶೂವನ್ನು ಒಂದು ಬೇಸಿಗೆಯಲ್ಲಿ ನಗರದ ಅಂಗಡಿಯ ಗಾಜಿನ ಕಪಾಟಿನಲ್ಲಿ ಇಟ್ಟವನು ಅವನೇ.

ಅಂಗಡಿಯ ಪದ್ಧತಿ ಹೀಗೆ. ಬೀದಿಗೆ ಕಾಣುವ ಗಾಜಿನ ಹಿಂದೆ ಜೋಡಿಯಲ್ಲಿ ಎಡಗಾಲಿನದನ್ನು ಮಾತ್ರ ಇಡುತ್ತಾರೆ, ಬಲಗಾಲಿನದು ಡಬ್ಬಿಯಲ್ಲೇ ಮಲಗಿರುತ್ತದೆ. ಆರು ತಿಂಗಳಲ್ಲಿ ಬಿಸಿಲಿಗೆ ಎಡಗಾಲು ಮಾಸುತ್ತದೆ. ಆ ಜೋಡಿಯನ್ನು ಯಾವ ಗಿರಾಕಿಯೂ ಮುಟ್ಟುವುದಿಲ್ಲ. ಹಳೆಯ ನೌಕರ ತೆಗೆದುಕೊಂಡು ಹೋಗಲಿ ಎಂದು ಮಾಲೀಕರು ಬಿಡುತ್ತಾರೆ. ಅದೂ ಅಲ್ಲದೆ, ಹೆಂಗಸರ ಮಾದರಿ ಶೂಗಳೆಲ್ಲ ನಾಲ್ಕನೇ ನಂಬರಿನವೇ. ಚಿಕ್ಕದಾದರೆ ನೋಡಲು ಚೆಂದ. ತಂಗಿಗೆ ದೊರೆ ವರ್ಷವರ್ಷವೂ ಕಳಿಸಿದ್ದು ಇವನ್ನೇ. ಅವಳ ಹದಿನೆಂಟನೇ ವಯಸ್ಸಿನಲ್ಲಿ ಕಾಲು ನೋಡಿ "ನಾಲ್ಕು" ಅಂದಿದ್ದ. ದೊರೆ ನಾಲ್ಕು ಅಂದಮೇಲೆ ಕಾಲು ಬೆಳೆಯಬಹುದೇ!

"ಈ ಶೂ ನಿಮಗೆ ಎಲ್ಲಿ ಸಿಕ್ತು?" ಎಂದು ಕೇಳಿಯೇಬಿಟ್ಟ.

"ಇದಾ? ನಮ್ಮ ಬೀಗದಮ್ಮ ಕೊಟ್ಟಿದ್ದು. ಅವರಿಗೊಬ್ಬ ಅಣ್ಣ ಇದಾನಂತೆ. ಮುಖ ಯಾರೂ ನೋಡಿಲ್ಲ, ಶೂ ಮಾತ್ರ ಬರುತ್ತೆ. ಅವರ ಕಾಲಿಗೆ ಅದು ಹೋಗೋದೇ ಇಲ್ಲ. ಊರಲ್ಲಿ ನಾಲ್ಕನೇ ನಂಬರಿನವರೆಲ್ಲ ಸರದಿ ಮೇಲೆ ತಗೋತೀವಿ." ಟೀಚರಮ್ಮ ನಗುತ್ತಾ ಹೇಳಿದವಳು ಅವನ ಕೋಟು ನೋಡಿದಳು, ಹೊಳೆಯುವ ಶೂ ನೋಡಿದಳು. ನಗು ನಿಂತಿತು. "ಓ. ನೀವೇನಾ ಅದು?"

ಆ 'ಅದು' ಅವನಿಗೆ ಸರಿಯಾಗಿ ನಾಟಿತು. ಅವಳು ಬೆರಳು ತೋರಿಸಿ "ಅಲ್ಲಿ, ಮೂರನೇ ಬಾಗಿಲು" ಎಂದು ಒಳಗೆ ಹೋದಳು. ಅವನು ಮೂರನೇ ಬಾಗಿಲು ಮುಟ್ಟುವುದರೊಳಗೆ ಸುದ್ದಿ ಅವನಿಗಿಂತ ಮುಂದೆ ಹೋಗಿತ್ತು. ಈಗಲೂ ಎಲ್ಲರೂ ನೋಡುತ್ತಿದ್ದರು, ಆದರೆ ನೋಟ ಬೇರೆ. ಕ್ಷೌರದವನು ಬಾಗಿಲಿಗೆ ಬಂದು ಪಿಚಕ್ಕನೆ ಉಗುಳಿ ಒಳಗೆ ಹೋದ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀಗದ ಕೈ ಕೊರೆಯುವ ಯಂತ್ರ, ಅರಗಳು, ಎಣ್ಣೆಯ ಡಬ್ಬಿ. ಗೋಡೆಯ ತುಂಬ ಮೊಳೆಗಳಲ್ಲಿ ನೂರಾರು ಬೀಗದ ಕೈ, ಒಂದೊಂದಕ್ಕೂ ತಗಡಿನ ಚೀಟಿ. ನಡುವೆ ದಪ್ಪ ಬಟ್ಟೆಯ ಏಪ್ರನ್ ಕಟ್ಟಿಕೊಂಡು ನಿಂತಿದ್ದ ತಂಗಿಯ ತಲೆ ಅರ್ಧ ಬೆಳ್ಳಗಾಗಿತ್ತು. ಕಾಲಲ್ಲಿ ಸತ್ತ ಗಂಡನ ಹಳೆಯ ಕ್ಯಾನ್ವಾಸ್ ಶೂ. ದೊರೆಯ ಕಣ್ಣು ಅವನಿಗೆ ಬೇಡವಾದರೂ ಅಳೆದುಬಿಟ್ಟಿತು. ಆರು, ಅಗಲ ಪಾದ.

"ಬಾ ಅಣ್ಣ" ಅಂದಳು. "ಕೂತ್ಕೋ. ನೀರು ಕೊಡ್ಲಾ?"

"ನಾನು ಕಳಿಸಿದ್ದನ್ನೆಲ್ಲ ಬೀದಿಯವರಿಗೆ ಹಂಚಿದ್ದೀಯಲ್ಲ!" ಇಪ್ಪತ್ತಾರು ವರ್ಷದ ಮೇಲೆ ತಂಗಿಯ ಮುಖ ಕಂಡು ದೊರೆಯ ಬಾಯಿಂದ ಬಂದ ಮೊದಲ ಮಾತು ಇದು.

"ಬಸುರಿಯಾದಾಗ ಕಾಲು ದೊಡ್ಡದಾಯ್ತು. ಆಮೇಲೆ ಇಳೀಲಿಲ್ಲ. ನಿನಗೆ ಬರೆದಿದ್ದೆ."

"ನನಗೆ ಬರಲಿಲ್ಲ."

"ಎರಡು ಸಲ ಬರೆದೆ ಅಣ್ಣ. ಆಮೇಲೆ ಮಗೂನೇ ಉಳೀಲಿಲ್ಲ, ಇನ್ನು ಶೂ ವಿಷಯ ಏನು ಬರೆಯೋದು ಅಂತ ಬಿಟ್ಟೆ."

ಕಾಗದ ಬಂದಿತ್ತು. ಅದು ಅವನಿಗೆ ಚೆನ್ನಾಗಿ ನೆನಪಿತ್ತು. ಗಿರಾಕಿಗಳ ನಡುವೆ ಅರ್ಧ ಓದಿ ಜೇಬಿಗಿಟ್ಟಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು, ಆದರೆ ನಾಚಿಕೆಯಾದಾಗಲೆಲ್ಲ ದನಿ ಏರಿಸುವುದು ಅವನ ಹುಟ್ಟುಗುಣ.

"ಸರಿ ಸರಿ, ಅದನ್ನೆಲ್ಲ ಈಗ ಕೆದಕಬೇಡ. ಪೆಟ್ಟಿಗೆ ಎಲ್ಲಿ?"

"ಕಟ್ಟಿಲ್ಲ. ನಾನು ಬರಲ್ಲ."

"ತಲೆ ಕೆಟ್ಟಿದೆಯಾ? ಈ ಹಾಳೂರಲ್ಲಿ ಒಬ್ಬಳೇ ಸತ್ತರೆ ಹಾ ಅನ್ನೋರಿಲ್ಲ, ಹೂ ಅನ್ನೋರಿಲ್ಲ!"

ತಂಗಿ ಗೋಡೆಯ ಕಡೆ ತಿರುಗಿದಳು. "ಇವೆಲ್ಲ ಈ ಊರಿನ ಮನೆಗಳ ಎರಡನೇ ಬೀಗದ ಕೈ. ಕಳೆದುಹೋದ್ರೆ ಇರಲಿ ಅಂತ ನನ್ನ ಹತ್ತಿರ ಇಟ್ಟಿದ್ದಾರೆ. ಆ ಟೀಚರಮ್ಮಂದು, ಅಂಚೆಯಮ್ಮಂದು, ಎಲ್ಲಾರದೂ. ನನ್ನ ನಂಬಿ ಊರು ನೆಮ್ಮದಿಯಾಗಿ ಮಲಗುತ್ತೆ ಅಣ್ಣ. ನಮ್ಮನೆಯವರು ಸತ್ತ ದಿನ ಅಷ್ಟೂ ಮನೆಯೋರು ಬಂದಿದ್ರು. ಶೂ ಎಲ್ಲ ಬಾಗಿಲ ಹೊರಗೆ ಬಿಟ್ಟಿದ್ರು. ಅದರಲ್ಲಿ ನಿನ್ನವು ಹನ್ನೊಂದು ಜೊತೆ. ಒಳಗೆ ಕೂತು ನಾನು ಅದನ್ನೇ ಎಣಿಸ್ತಿದ್ದೆ. ನೀನು ಕಳಿಸಿದ್ದೆಲ್ಲ ಬಂತು, ನೀನೊಬ್ಬ ಬರಲಿಲ್ಲ."

ತಂಗಿ ಏಪ್ರನ್ನಿಗೆ ಕೈ ಒರೆಸಿಕೊಂಡು ಹತ್ತಿರ ಬಂದಳು. ಅವಳ ಸಿಟ್ಟು ಅಷ್ಟಕ್ಕೇ ಮುಗಿದಿತ್ತು.

"ನಿಜ ಹೇಳು. ಒಬ್ಬನೇ ಇರೋಕಾಗ್ತಿಲ್ಲ ಅಂತ ತಾನೇ ಬಂದಿದ್ದು? ಹಾಗಂತ ಒಂದು ಸಲ ಬಾಯಿಬಿಟ್ಟು ಹೇಳು, ಸಾಕು. ಒಳಗೆ ಕೋಣೆ ಖಾಲಿ ಇದೆ. ಇಲ್ಲೇ ಇದ್ದುಬಿಡು. ಇಬ್ಬರೂ ಇರೋಣ."

ಅವನು ಕೇಳಲು ಬಂದದ್ದನ್ನು ಅವಳಾಗಿಯೇ ಕೈಗೆ ಇಡುತ್ತಿದ್ದಳು. 'ಹೂಂ' ಅಂದಿದ್ದರೆ ಆಗುತ್ತಿತ್ತು. ಅವನ ಕಣ್ಣು ಒಂದು ಗಳಿಗೆ ತುಂಬಿಯೂ ಬಂತು. ಅಷ್ಟರಲ್ಲಿ ಬಾಗಿಲಾಚೆ ನಿಂತಿದ್ದ ನಾಲ್ಕಾರು ಜನ ಅವನಿಗೆ ಕಂಡರು. ಅವರೆದುರಿಗೆ ಸೋಲುವುದೇ? ಈ ಸೈಕಲ್ ಅಂಗಡಿಯವರ, ಚಹಾ ಅಂಗಡಿಯವರ ಎದುರಿಗೆ?

"ನಾನು? ಇಲ್ಲಿ?" ಎಂದು ಗಟ್ಟಿಯಾಗಿ ನಕ್ಕ. "ನನ್ನ ನಾಯಿನೂ ಇಲ್ಲಿರಲ್ಲ."

ಅವನಿಗೆ ನಾಯಿಯೂ ಇರಲಿಲ್ಲ. ತಂಗಿ ಅವನ ಮುಖ ನೋಡಿ, "ನಾಲ್ಕು ಗಂಟೆ ಬಸ್ಸು ತಪ್ಪಿದ್ರೆ ಇನ್ನೊಂದಿಲ್ಲ" ಅಂದಳು. ದೊರೆ ಮುಖ ಗಂಟಿಕ್ಕಿಕೊಂಡು ಬಂದ ದಾರಿ ಹಿಡಿದ. ನೀರು ಕೂಡ ಕುಡಿಯಲಿಲ್ಲ.

ಬಸ್ಸಿನಲ್ಲಿ ಬಾಗಿಲಿನಿಂದ ದೂರದ ಸಾಲಿನಲ್ಲಿ ಕೂತ. ಡ್ರೈವರ್ ಇಂಜಿನ್ ಶುರುಮಾಡುವ ಹೊತ್ತಿಗೆ ತಂಗಿ ಏಪ್ರನ್ನಿನಲ್ಲೇ ಓಡಿಬಂದಳು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಊಟದ ಡಬ್ಬಿ. ಕಿಟಕಿಯಿಂದ ಕಿಟಕಿಗೆ ಇಣುಕುತ್ತಾ ಬಸ್ಸಿನ ಉದ್ದಕ್ಕೂ ಬರುತ್ತಿದ್ದಳು. ದೊರೆ ನೋಡಿದ. ನೋಡಿಯೂ ಕತ್ತು ಆಚೆ ತಿರುಗಿಸಿಕೊಂಡ.

ಆ ಊರಿನವನೇ ಆದ ಕಂಡಕ್ಟರ್ ಟಿಕೆಟ್ ಹರಿಯುತ್ತಾ ಬಂದ. "ಬೀಗದಮ್ಮನ ಮನೆಗೆ ಬಂದಿದ್ರಾ ಸಾರ್? ನಿಮ್ಮನ್ನೇ ಹುಡುಕ್ತಿದ್ದಾರೆ ಅನ್ಸುತ್ತೆ."

"ಯಾವ ಬೀಗದಮ್ಮ?" ದೊರೆ ಕೋಟಿನ ಧೂಳು ಕೊಡವಿದ. "ನಾನು ಕೆಲಸದ ಮೇಲೆ ಬಂದಿದ್ದೆ. ಈ ಊರಲ್ಲಿ ನನಗೆ ಯಾರೂ ಇಲ್ಲ."

ಕಂಡಕ್ಟರ್ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದ. ಆಮೇಲೆ ಕಿಟಕಿಗೆ ಬಗ್ಗಿ ಊರಿಗೆಲ್ಲ ಕೇಳುವಂತೆ ಕೂಗಿದ:

"ಬೀಗದಮ್ಮಾ, ಮನೆಗೆ ಹೋಗಿ. ಈ ಬಸ್ಸಲ್ಲಿ ನಿಮ್ಮೋರು ಯಾರೂ ಇಲ್ಲ."

ಸೀಟಿ ಊದಿದ. ಬಸ್ಸು ಹೊರಟಿತು.